ಮೇಷ್ಟ್ರಿಗೊಂದು ಪ್ರಶ್ನೆ: ಕಣಕುಂಬಿಯ ಸಸಿ ಅಥಣಿಯಲ್ಲಿ ಬದುಕೀತೇ?

ಪ್ರಶ್ನೆ: ಮಕ್ಕಳನ್ನು ಪ್ರವಾಸಕ್ಕೆಂದು ಖಾನಾಪುರ ತಾಲ್ಲೂಕಿನ ಕಣಕುಂಬಿಗೆ ಕರೆದೊಯ್ದಿದ್ದೆ. ಅಲ್ಲಿ ಬಿಸಿಲು ನೆಲ ಮುಟ್ಟದಂಥ ಕಾಡು. ನಮ್ಮಲ್ಲಿ ಬರೀ ಜಾಲಿ, ಮುಳ್ಳುಕಂಟಿ. ಎರಡೂ ಬೆಳಗಾವಿ ಜಿಲ್ಲೆಯೇ ಅಲ್ಲವೇ? ಹಿರಿಯರು ಕಾಡು ಕಡಿದದ್ದಕ್ಕೇ ಹೀಗಾಯಿತೇ? ಅಲ್ಲಿಯ ಸಸಿ ತಂದು ನೆಟ್ಟರೆ ನಮಗೂ ಮಳೆ ಬಂದೀತೇ?
– ಶಿಕ್ಷಕಿ, ಅಥಣಿ ತಾಲ್ಲೂಕು

ಉತ್ತರ: ಮಳೆ ಬಾರದು ತಾಯಿ, ಸಸಿಯೂ ಉಳಿಯದು. ಜಿಲ್ಲೆಯ ಗಡಿ ಎಳೆದವರು ಕಂದಾಯದವರು. ಮುಂಗಾರು ಅವರನ್ನು ಕೇಳಿ ಬರುವುದಿಲ್ಲ.

ಅರಬ್ಬಿ ಸಮುದ್ರದ ಗಾಳಿ ಘಟ್ಟ ಏರುವಾಗ ತಂಪಾಗಿ, ಹೊತ್ತು ತಂದ ನೀರಿನ ಬಹುಪಾಲನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆ 5,000 ಮಿ.ಮೀ. ದಾಟುವ ವರ್ಷಗಳಿವೆ. ಘಟ್ಟ ಇಳಿದು ಪೂರ್ವಕ್ಕೆ ಬರುವ ಅದೇ ಗಾಳಿ ಬೆಚ್ಚಗಾಗುತ್ತದೆ, ಒಣಗುತ್ತದೆ. ನಿಮ್ಮ ಪಾಲಿಗೆ 600 ಮಿ.ಮೀ. ಆಸುಪಾಸು. ಈ ಏರ್ಪಾಡು ಕೊಡಲಿಗಿಂತ ಎಷ್ಟೋ ಹಳೆಯದು; ಅಜ್ಜಂದಿರನ್ನು ಬೈಯಬೇಡಿ. ಹಾಗೆಂದು ನಾವು ಸುಭಗರೇನಲ್ಲ. ಹೊಳೆದಂಡೆಯ ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿ ಒಳ್ಳೆಯ ಹೊಲಗಳನ್ನು ಸವಳು (ಉಪ್ಪುನೆಲ) ಮಾಡಿಕೊಂಡದ್ದು ನಾವೇ.

ಆದರೆ ಮಿಲಿಮೀಟರ್ ಹೇಳಿ ಕೈತೊಳೆದುಕೊಂಡರೆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಖಾನಾಪುರದ ಕಡೆ ಜುಲೈ ಹೊತ್ತಿನ ಪುನರ್ವಸು, ಪುಷ್ಯ ಮಳೆಗಳು ಬಿಡುವಿಲ್ಲದೆ ಜಡಿಯುತ್ತವೆ. ನಿಮ್ಮಲ್ಲಿ ಸೆಪ್ಟೆಂಬರ್ ನಡುವಿನಿಂದ ಬರುವ ಉತ್ತರೆ, ಹಸ್ತ ಕೈಹಿಡಿದರೆ ಉಂಟು, ಇಲ್ಲವಾದರೆ ಇಲ್ಲ. ಅದಕ್ಕಿಂತ ಮುಖ್ಯವಾದದ್ದು ಆ ನೀರು ಬೀಳುವ ನೆಲ.

ಏಪ್ರಿಲ್‌ನಲ್ಲಿ ಮಕ್ಕಳನ್ನು ಯಾವುದಾದರೂ ಎರೆಹೊಲಕ್ಕೆ (ಕಪ್ಪುಮಣ್ಣಿನ ಹೊಲಕ್ಕೆ) ಕರೆದುಕೊಂಡು ಹೋಗಿ. ಬಿರುಕಿನೊಳಗೆ ಕೋಲು ಇಳಿಸಿ ಆಳ ನೋಡಲಿ (ಕೈ ಬೇಡ, ಚೇಳಿದ್ದೀತು). ಬಿರುಕಿನ ಗೋಡೆಯಲ್ಲಿ ತುಂಡಾದ ಬೇರುಗಳು ನೂಲಿನಂತೆ ಜೋತುಬಿದ್ದಿರುತ್ತವೆ. ಎರೆಯ ಜೇಡಿ ನೀರುಂಡರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ; ಕುಗ್ಗುವಾಗ ಎಳೆಯ ಬೇರನ್ನು ಜಗ್ಗಿ ಹರಿಯುತ್ತದೆ. ಎಷ್ಟೋ ಜಾತಿಯ ಮರಗಳು ಅಲ್ಲಿ ಸಸಿಯಾಗಿರುವಾಗಲೇ ಸೋಲುತ್ತವೆ. ಬಿರುಕು ಬಾಯಿಬಿಡುವ ಹೊತ್ತಿಗೆ ಬದುಕು ಮುಗಿಸಿಬಿಟ್ಟಿರುವ ಹುಲ್ಲಿಗೆ, ಜೋಳಕ್ಕೆ ಅದರ ಭಯವಿಲ್ಲ. ಹಿಂಗಾರಿಯ ಬಿಳಿಜೋಳವಂತೂ ಜೇಡಿ ಹಿಡಿದಿಟ್ಟ ಹಸಿಯನ್ನೇ ನೆಚ್ಚಿಕೊಂಡು ತೆನೆ ಕಟ್ಟುತ್ತದೆ. 

ಕಣಕುಂಬಿಯ ಜಂಬಿಟ್ಟಿಗೆ ನೆಲದ (ಕೆಂಪು ಕಲ್ಲುಮಣ್ಣಿನ) ಕಥೆಯೇ ಬೇರೆ. ಮಳೆ ಅದರ ಸುಣ್ಣ, ಪೊಟ್ಯಾಷ್‌ಗಳನ್ನು ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂಗಳನ್ನು ಬಿಟ್ಟಿದೆ. ಕಾಡು ತನ್ನದೇ ಉದುರೆಲೆ ಕೊಳೆತು ಸಿಗುವ ಸಾರ ಉಂಡು ನಿಂತಿದೆ. ಅಲ್ಲಿಯ ಮರವನ್ನಷ್ಟೇ ಕಿತ್ತು ತಂದರೆ ಆ ಊಟ, ಆ ತೇವ, ಆ ನೆರಳು ಹಿಂದೆಯೇ ಬರುವುದಿಲ್ಲ.

ಮಕ್ಕಳಿಗೆ ಜಾಲಿಯ ಎಲೆ ಕಿತ್ತು ತೋರಿಸಿ. ಅಕ್ಕಿಕಾಳಿನಷ್ಟು ಸಣ್ಣ ದಳಗಳು: ಗಾಳಿ ನಡುವೆ ಹಾದು ಕಾವು ಬೇಗ ಇಳಿಸುತ್ತದೆ, ನೀರು ವ್ಯರ್ಥವಾಗುವುದಿಲ್ಲ. ಘಟ್ಟದ ಎಷ್ಟೋ ಮರಗಳ ಎಲೆ ಅಂಗೈಯಗಲ, ತುದಿ ಮೊನಚು. ಅಲ್ಲಿ ನೀರನ್ನು ಬಸಿದು ಕೆಡವುವುದೇ ಚಿಂತೆ. ಶಾಲೆಯ ಅಂಗಳದಲ್ಲಿ ಗಿಡ ಬೇಕೇ ಬೇಕೆಂದಿದ್ದರೆ ಬೇವು, ಬನ್ನಿ, ಕಮರ ಹಾಕಿ. ಗುಂಡಿಗಳನ್ನು ಬೇಸಿಗೆಯಲ್ಲೇ ತೋಡಿಸಿಡಿ. ಪರಿಸರ ದಿನದಂದು ಫೋಟೊ ತೆಗೆಸಿಕೊಂಡು ಜುಲೈನಲ್ಲಿ ಸಸಿ ಒಣಗಿಸುವ ಪದ್ಧತಿ ನಮ್ಮ ಕಡೆ ಸಾಕಷ್ಟಿದೆ.

ಪ್ರಶ್ನೆ: ನಮ್ಮ ಯಡಹಳ್ಳಿ ಚಿಂಕಾರ ವನ್ಯಧಾಮ ಬರೀ ಕುರುಚಲು. ದಟ್ಟ ಕಾಡು ಬೆಳೆಸಿದರೆ ಚಿಂಕಾರಗಳು ಹೆಚ್ಚಲಾರವೇ?
– ಓದುಗ, ಬೀಳಗಿ

ಉತ್ತರ: ಕಡಿಮೆಯಾಗುತ್ತವೆ. ಚಿಂಕಾರ ಬಯಲಿನ ಹುಲ್ಲೆ. ದೂರದಲ್ಲೇ ವೈರಿಯನ್ನು ಕಂಡು ಓಡಿ ಪಾರಾಗುವುದು ಅದರ ಬಾಳು. ಒತ್ತಾಗಿ ಮರ ನಿಂತರೆ ಕಾಣುವುದೂ ಇಲ್ಲ, ಓಡುವುದೂ ಇಲ್ಲ. ಎಲೆ, ಹಣ್ಣು, ಇಬ್ಬನಿಗಳ ನೀರಿನಲ್ಲೇ ಬಹಳ ದಿನ ತಾಳಬಲ್ಲದು, ಹಾಗಾಗಿ ನೀವು ಬರಡೆನ್ನುವ ಗುಡ್ಡ ಅದಕ್ಕೆ ತುಂಬಿದ ಕಣಜ. ಸರ್ಕಾರಿ ದಾಖಲೆಗಳಲ್ಲಿ ಇಂಥ ಜಾಗವನ್ನು ಪಾಳುಭೂಮಿ ಎಂದು ಬರೆದವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಕೈಕಟ್ಟಿ ಕೂರಲಾಗದು ಎಂದರೆ ಬಳ್ಳಾರಿ ಜಾಲಿಯತ್ತ ನೋಡಿ. ಅಮೆರಿಕ ಖಂಡದಿಂದ ಬಂದ ಅದು ಹುಲ್ಲುಗಾವಲನ್ನು ಮುಚ್ಚಿಬಿಡುತ್ತದೆ. ಎಲ್ಲಿಯಾದರೂ ಹಬ್ಬುತ್ತಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ನೀವೇ ಕೊಡಲಿ ಹಿಡಿದು ಹೋಗಬೇಡಿ. ಬುಡ ಉಳಿದರೆ ನಾಲ್ಕು ಕಡೆಯಿಂದ ಚಿಗುರುತ್ತದೆ, ಮೇಲಾಗಿ ವನ್ಯಧಾಮದೊಳಗೆ ಕಡಿದರೆ ಕೇಸು ನಿಮ್ಮ ಮೇಲೆಯೇ ಬೀಳುತ್ತದೆ.