ಒಂದು ಕ್ಲಿಕ್ಕಿನ ಒಡೆತನ

ಪ್ರಶ್ನೆ: ಆನ್‌ಲೈನ್ ಅಂಗಡಿಯಲ್ಲಿ ಒಂದೇ ಗುಂಡಿ ಒತ್ತಿ ಕೊಳ್ಳುವುದಕ್ಕೂ ಪೇಟೆಂಟ್ ಇತ್ತಂತೆ, ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಜ. 1999ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಅದನ್ನು ಅಮೆಜಾನ್‌ಗೆ ಕೊಟ್ಟಿತು. ವಿಳಾಸ, ಕಾರ್ಡ್ ಸಂಖ್ಯೆಗಳನ್ನು ಮೊದಲೇ ಉಳಿಸಿಟ್ಟು, ಒಂದು ಕ್ಲಿಕ್ಕಿಗೆ ಆರ್ಡರ್ ಮುಗಿಸುವ ವಿಧಾನ. ಪ್ರೋಗ್ರಾಂ ಬರೆದೇ ಬದುಕಿದ ನನಗೆ ಇದರಲ್ಲಿ ಆವಿಷ್ಕಾರ ಎಲ್ಲಿದೆಯೆಂದು ಇಂದಿಗೂ ಕಾಣುವುದಿಲ್ಲ. ಗುರುತಿನ ಗಿರಾಕಿಯ ಲೆಕ್ಕ ಬರೆದುಕೊಂಡು ಸಾಮಾನು ಮನೆಗೆ ಕಳಿಸುವ ದಿನಸಿ ಅಂಗಡಿಯವರು ಮಾಡುತ್ತಿದ್ದುದೂ ಇದನ್ನೇ. ಆ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ವ್ಯಾಪಾರದ ಭರದಲ್ಲೇ, ಪುಸ್ತಕ ಮಾರುವ ಪ್ರತಿಸ್ಪರ್ಧಿ ಬಾರ್ನ್ಸ್ ಅಂಡ್ ನೋಬಲ್ ಇಂಥದೇ ವಿಧಾನ ಬಳಸದಂತೆ ತಡೆಯಾಜ್ಞೆ ಬಂತು. ಪೇಟೆಂಟ್‌ನ ಸಿಂಧುತ್ವವೇ ಪ್ರಶ್ನಾರ್ಹವೆಂದು 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತಡೆಯಾಜ್ಞೆಯನ್ನು ತೆರವುಗೊಳಿಸಿತು. ಆದರೂ ಪೇಟೆಂಟ್ 2017ರವರೆಗೆ ಉಳಿಯಿತು! ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಬರಿಯ ಕಂಪ್ಯೂಟರ್ ಪ್ರೋಗ್ರಾಂ ಮತ್ತು ವ್ಯಾಪಾರ ವಿಧಾನಗಳನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ಯಾರೇ ಒತ್ತಡ ತಂದರೂ ಅದನ್ನು ಸಡಿಲಿಸಕೂಡದು.