ದೀಕ್ಷಾಸ್ನಾನ: ತನಗೆ ತಾನೇ ಕೊಟ್ಟುಕೊಳ್ಳಲಾಗದ ದಾನ

ಸಹೋದ್ಯೋಗಿಯೊಬ್ಬರು ತಮ್ಮ ಮಗುವಿನ ದೀಕ್ಷಾಸ್ನಾನಕ್ಕೆ (ಬ್ಯಾಪ್ಟಿಸಮ್‌ಗೆ) ನಿಮ್ಮನ್ನು ಮಂಗಳೂರಿನ ಕ್ಯಾಥೊಲಿಕ್ ಇಗರ್ಜಿಯೊಂದಕ್ಕೆ (ಚರ್ಚಿಗೆ) ಆಹ್ವಾನಿಸಿದ್ದಾರೆಂದು ಬರೆದಿದ್ದೀರಿ. ಇದು ನಾಮಕರಣವೇ, ಪಾಪ ತೊಳೆಯುವ ಸ್ನಾನವೇ, ಏನೂ ಅರಿಯದ ಕೂಸಿಗೆ ಇದನ್ನು ಮಾಡುವುದರಲ್ಲಿ ಅರ್ಥವೇನು ಎಂದೂ ಕೇಳಿದ್ದೀರಿ. ನಾನು ಇದೇ ಊರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟಂಟ್ ಸಭೆಗೆ ಸೇರಿದವನು. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಈ ವಿಷಯವನ್ನು ಕಲಿಸುತ್ತಾ ಬಂದಿದ್ದೇನೆ.

ನಾಮಕರಣದ ಪ್ರಶ್ನೆಗೆ ಉತ್ತರ ಚಿಕ್ಕದು. ಅಂದು ಮಗುವನ್ನು ಹೆಸರು ಹಿಡಿದು ಕರೆದೇ ನೀರೆರೆಯುತ್ತಾರೆ, ನಿಜ. ಗೋವೆಯಲ್ಲಿ ಪೋರ್ಚುಗೀಸರ ಕಾಲದಲ್ಲಿ ದೀಕ್ಷಾಸ್ನಾನದೊಂದಿಗೆ ಬಂದ ಡಿಸೋಜ, ಪಿಂಟೊ, ಲೋಬೊ ಮೊದಲಾದ ಹೆಸರುಗಳು ನಮ್ಮ ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಇಂದಿಗೂ ಉಳಿದಿವೆ. ಆದರೆ ಹೆಸರಿಡುವುದು ಇದರ ತಿರುಳಲ್ಲ.

ತಿರುಳನ್ನು ಹುಡುಕುವುದಾದರೆ ಯೊರ್ದನ್ ಹೊಳೆಯಿಂದ ಆರಂಭಿಸಬೇಕು. ಸ್ನಾನಿಕನಾದ ಯೋಹಾನನು ಅಲ್ಲಿ ಜನರಿಗೆ ಕೊಡುತ್ತಿದ್ದುದು ಪಶ್ಚಾತ್ತಾಪದ ಸ್ನಾನ. ತಪ್ಪನ್ನು ಒಪ್ಪಿಕೊಂಡು ಬದುಕನ್ನು ತಿರುಗಿಸಿಕೊಳ್ಳಲು ಮನಸ್ಸು ಮಾಡಿದವರು ನೀರಿಗಿಳಿಯುತ್ತಿದ್ದರು. ಕ್ರೈಸ್ತರ ನಂಬಿಕೆಯ ಪ್ರಕಾರ ಪಾಪವೇ ಇಲ್ಲದ ಯೇಸು ಆ ಪಾಪಿಗಳ ಸಾಲಿನಲ್ಲಿ ಬಂದು ನಿಂತರು. ಯೋಹಾನನು ಹಿಂಜರಿದರೂ ಅವನ ಕೈಯಿಂದಲೇ ಸ್ನಾನ ಪಡೆದರು. ಮುಂದೆ ತಮ್ಮ ಶಿಲುಬೆಯ ಮರಣವನ್ನು ಕುರಿತು ಹೇಳುವಾಗಲೂ ಯೇಸು, ತಾವು ಪಡೆಯಬೇಕಾದ ಒಂದು ದೀಕ್ಷಾಸ್ನಾನವಿದೆ ಎಂದೇ ಮಾತನಾಡಿದ್ದು ಲೂಕನ ಸುವಾರ್ತೆಯಲ್ಲಿದೆ. ಹೀಗೆ ತೊಳೆಯುವ ನೀರು ಮರಣದ ನೀರೂ ಆಯಿತು. ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ಇದನ್ನು ಬಿಡಿಸಿ ಹೇಳುತ್ತಾನೆ: ದೀಕ್ಷಾಸ್ನಾನ ಪಡೆದವರು ಕ್ರಿಸ್ತನ ಮರಣದಲ್ಲಿ ಪಾಲುಗಾರರಾಗಿ ಅವನೊಂದಿಗೆ ಹೂಳಲ್ಪಟ್ಟಿದ್ದಾರೆ, ಅವನು ಎದ್ದು ಬಂದಂತೆ ಅವರೂ ಹೊಸ ಜೀವದಲ್ಲಿ ನಡೆಯಬೇಕಾಗಿದೆ. ಯೋಹಾನನ ಸುವಾರ್ತೆಯಲ್ಲಿ ಯೇಸು ನಿಕೊದೇಮನೆಂಬ ಯೆಹೂದ್ಯ ಮುಖಂಡನಿಗೆ ನೀರಿನಿಂದಲೂ ಆತ್ಮನಿಂದಲೂ ಹುಟ್ಟಬೇಕಾದ ಮಾತನ್ನು ಹೇಳುತ್ತಾರೆ. ಪಾಪಕ್ಷಮೆ ಇದರಲ್ಲಿ ಖಂಡಿತ ಇದೆ; ಆದರೆ ಮೈಯ ಕೊಳೆ ಕಳೆದು ಅದೇ ಮನುಷ್ಯ ಮರಳಿ ಬರುವುದಲ್ಲ, ಹಳೆಯ ಮನುಷ್ಯ ಹೂಳಲ್ಪಟ್ಟು ಹೊಸಬನೊಬ್ಬ ಹುಟ್ಟುವುದು ಇಲ್ಲಿನ ಸಂಗತಿ. ಅದಕ್ಕಾಗಿಯೇ ಇದನ್ನು ಒಬ್ಬರಿಗೆ ಒಂದೇ ಸಲ ಕೊಡಲಾಗುತ್ತದೆ. ಪಾಪ ತೊಳೆಯುವುದಷ್ಟೇ ಉದ್ದೇಶವಾಗಿದ್ದರೆ ನಮ್ಮಂಥವರಿಗೆ ಪ್ರತಿದಿನವೂ ಬೇಕಾಗುತ್ತಿತ್ತು.

ನನ್ನ ದೃಷ್ಟಿಯಲ್ಲಿ ಇದರ ಅರ್ಥವೆಲ್ಲ ತೆರೆದುಕೊಳ್ಳುವುದು ಒಂದು ನಿಯಮದಲ್ಲಿ. ಸಾಯುವ ಸ್ಥಿತಿಯಲ್ಲಿರುವವರಿಗೆ, ಧರ್ಮಗುರುಗಳು ಸಿಗದಿದ್ದಾಗ, ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದೆಂದು ಕ್ಯಾಥೊಲಿಕ್ ಸಭೆ ಬೋಧಿಸುತ್ತದೆ. ಸಭೆಯ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನೀರೆರೆದರೆ ಸಾಕು, ಎರೆಯುವವರು ಕ್ರೈಸ್ತರೇ ಆಗಿರಬೇಕೆಂದೂ ಇಲ್ಲ. ಇಷ್ಟು ಉದಾರವಾದ ಆ ನಿಯಮ ಒಂದನ್ನು ಮಾತ್ರ ಒಪ್ಪುವುದಿಲ್ಲ: ಯಾರೂ ತಮಗೆ ತಾವೇ ದೀಕ್ಷಾಸ್ನಾನ ಕೊಟ್ಟುಕೊಳ್ಳುವಂತಿಲ್ಲ. ಅದು ಇನ್ನೊಬ್ಬರ ಕೈಯಿಂದಲೇ ಬರಬೇಕು. ದೇವರ ಕೃಪೆ ನಮ್ಮ ಸಾಧನೆಯಿಂದ ದೊರೆತದ್ದಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ವಿಧಿ ನಮ್ಮಲ್ಲಿ ಬೇರೊಂದಿಲ್ಲ ಎಂದು ನಾನು ನಂಬುತ್ತೇನೆ.

ಕೂಸಿನ ಪ್ರಶ್ನೆಗೂ ನನ್ನ ಉತ್ತರ ಇಲ್ಲಿಂದಲೇ ಹುಟ್ಟುತ್ತದೆ. ತಾಯಿಯ ಹಾಲನ್ನು ಮಗು ಅರ್ಥ ಮಾಡಿಕೊಂಡು ಕುಡಿಯುವುದಿಲ್ಲವಷ್ಟೆ. ಕೃಪೆಯು ತಿಳಿವಳಿಕೆಗಿಂತ ಮುಂಚೆ ಬರುತ್ತದೆ ಎಂಬ ನಂಬಿಕೆಯಿಂದ ಕ್ಯಾಥೊಲಿಕರೂ ನಾವೂ ಶಿಶುಗಳಿಗೆ ದೀಕ್ಷಾಸ್ನಾನ ಕೊಡುತ್ತೇವೆ. ಜನ್ಮಪಾಪದ, ಎಂದರೆ ಹುಟ್ಟಿನಿಂದಲೇ ಬಂದ ಪಾಪದ, ಬಿಡುಗಡೆಯನ್ನು ಕ್ಯಾಥೊಲಿಕರು ಇಲ್ಲಿ ವಿಶೇಷವಾಗಿ ಒತ್ತಿ ಹೇಳುತ್ತಾರೆ. ಬ್ರಹ್ಮಾವರದಲ್ಲಿರುವಂಥ ಆರ್ಥಡಾಕ್ಸ್ ಸಭೆಗಳಲ್ಲಂತೂ ದೀಕ್ಷಾಸ್ನಾನದ ಬೆನ್ನಿಗೇ ಶಿಶುವಿಗೆ ಪವಿತ್ರ ತೈಲದ ಅಭಿಷೇಕವನ್ನೂ ಪ್ರಭುಭೋಜನವನ್ನೂ (ಯೇಸುವಿನ ಕಡೆಯ ಭೋಜನವನ್ನು ನೆನೆದು ಹಂಚುವ ರೊಟ್ಟಿ, ದ್ರಾಕ್ಷಾರಸ) ಕೊಡುವ ಪದ್ಧತಿಯಿದೆ. ಇದನ್ನು ಒಪ್ಪದ ಕ್ರೈಸ್ತರೂ ಇದ್ದಾರೆ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಜನರು ಮೊದಲು ನಂಬಿ, ಅನಂತರ ನೀರಿಗಿಳಿದರು ಎಂಬ ಆಧಾರದಿಂದ ಬ್ಯಾಪ್ಟಿಸ್ಟರು, ಬ್ರದರನ್ ಸಭೆಯವರು, ಪೆಂತೆಕೊಸ್ತಿನವರು ಸ್ವಂತ ಬಾಯಿಂದ ನಂಬಿಕೆಯನ್ನು ಹೇಳಬಲ್ಲವರಿಗೆ ಮಾತ್ರ, ಅದೂ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಾರೆ. ಜ್ಯೂರಿಕ್ ನಗರದಲ್ಲಿ 1525ರಲ್ಲಿ ಇದೇ ನಿಲುವನ್ನು ತಾಳಿ ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಪಡೆದವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ಅದೇ ನಗರದ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕ್ರೈಸ್ತರೇ ಕ್ರೈಸ್ತರಿಗೆ ಮಾಡಿದ ಈ ಕ್ರೌರ್ಯವನ್ನು ನೆನೆದಾಗ, ಅವರ ವಾದವನ್ನು ಗೌರವದಿಂದ ಕೇಳಿಸಿಕೊಳ್ಳುವ ಋಣ ನಮ್ಮ ಮೇಲಿದೆ ಎನ್ನಿಸುತ್ತದೆ. ಆದರೂ ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯದಲ್ಲಿ ಲುದ್ಯಳೆಂಬ ಹೆಂಗಸೂ ಫಿಲಿಪ್ಪಿಯ ಸೆರೆಮನೆಯ ಅಧಿಕಾರಿಯೂ ಮನೆಮಂದಿಯೆಲ್ಲರೊಂದಿಗೆ ದೀಕ್ಷಾಸ್ನಾನ ಪಡೆದ ವೃತ್ತಾಂತವಿರುವುದರಿಂದ, ನಾನು ಶಿಶುಗಳ ಪಕ್ಷದಲ್ಲಿಯೇ ನಿಲ್ಲುತ್ತೇನೆ. ಒಂದು ಷರತ್ತಿನೊಂದಿಗೆ: ಮಗುವಿನ ಪರವಾಗಿ ಮಾತು ಕೊಡುವ ಹಿರಿಯರು ಆ ಮಾತನ್ನು ನಡೆಸಬೇಕು. ಫೋಟೊ ತೆಗೆಸಿ, ಊಟ ಮುಗಿಸಿ, ಮತ್ತೆ ಸಭೆಯ ಕಡೆಗೆ ತಲೆ ಹಾಕದ ಮನೆಗಳನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಏಕೆಂದರೆ ದೀಕ್ಷಾಸ್ನಾನವು ಮಗುವನ್ನು ದೇವರಿಗೆ ಮಾತ್ರವಲ್ಲ, ಒಂದು ಸಭೆಯ ಮಡಿಲಿಗೂ ಒಪ್ಪಿಸುತ್ತದೆ. ಇದರ ಭಾರ ಎಷ್ಟೆಂಬುದನ್ನು ನಮ್ಮ ಊರಿನ ಚರಿತ್ರೆಯೇ ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. ಅದರ ಶಾಲೆಯ ವಿದ್ಯಾರ್ಥಿ, ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಅವರು ಬಾಸೆಲ್‌ನಲ್ಲಿ ಓದಿ, ಬೋಧಕರಾಗಿ ಹಿಂತಿರುಗಿದರು. ಹೆಸರಿನ ಮುಂದೆ ಹರ್ಮನ್ ಎಂಬುದು ಸೇರಿಕೊಂಡರೂ ಆನಂದರಾವ್ ಕೌಂಡಿನ್ಯ ಎಂಬ ಹೆಸರು ಕೊನೆಯವರೆಗೂ ಉಳಿಯಿತು. ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದ ಬಹುಪಾಲು ಜನರು ಬಿಲ್ಲವರು. ಮನೆಯವರ ಆಸರೆಯನ್ನೂ ಕುಲಕಸುಬನ್ನೂ ಕಳೆದುಕೊಂಡು ಬರಿಗೈಯಲ್ಲಿ ಬಂದವರ ಮುಂದೆ, ನೀವೂ ನಾವೂ ಈಗ ಒಂದೇ ಮನೆಯವರು ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದಾಯಿತು. ಮಿಶನ್ನಿನ ನೇಯ್ಗೆಯೂ, 1865ರಲ್ಲಿ ಅದರ ಮಿಶನರಿ ಪ್ಲೆಬ್ಸ್ಟ್ ಅವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯೂ ಬೆಳೆದುದರ ಹಿಂದೆ ಈ ಅಗತ್ಯವೂ ಇತ್ತು. ದೀಕ್ಷಾಸ್ನಾನ ಪಡೆದವರಲ್ಲಿ ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ ಎಂಬ ಭೇದವಿಲ್ಲವೆಂದು ಪೌಲನು ಗಲಾತ್ಯದವರಿಗೆ ಬರೆದ ಮಾತನ್ನು ನಮ್ಮವರು ಪೂರ್ಣವಾಗಿ ಪಾಲಿಸಿದ್ದಾರೆಂದು ನಾನು ಹೇಳಲಾರೆ. ಮದುವೆಯ ಮಾತು ಬಂದಾಗ ಹಳೆಯ ಜಾತಿಯನ್ನು ವಿಚಾರಿಸುವ ಮನೆಗಳು ಈಗಲೂ ಇವೆ. ಅದು ದೀಕ್ಷಾಸ್ನಾನಕ್ಕೆ ಮಾಡುವ ದ್ರೋಹ.

ಇದಿಲ್ಲದೆ ರಕ್ಷಣೆಯೇ ಇಲ್ಲವೇ ಎಂದು ನೀವು ಮುಂದೆ ಕೇಳಬಹುದು. ಅವಶ್ಯಕವೆಂದು ಬೋಧಿಸುವ ಕ್ಯಾಥೊಲಿಕ್ ಸಭೆಯೂ, ಅದನ್ನು ಬಯಸಿ ಪಡೆಯುವ ಮೊದಲೇ ತೀರಿಕೊಂಡವರನ್ನು, ನಂಬಿಕೆಗಾಗಿ ಪ್ರಾಣ ಕೊಟ್ಟವರನ್ನು ಹೊರಗಿಡುವುದಿಲ್ಲ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ನೀರು ಸಿಗಲಿಲ್ಲ, ಪರದೈಸು (ಸ್ವರ್ಗ) ಸಿಕ್ಕಿತು.

ಇನ್ನು ನೀವು ಅಂದು ಕಾಣುವುದನ್ನು ಹೇಳುತ್ತೇನೆ. ಧರ್ಮಗುರುಗಳು ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ; ಹೆತ್ತವರೂ ಮಗುವಿನ ಪರವಾಗಿ ನಿಂತ ಹಿರಿಯರೂ ಸೈತಾನನನ್ನು ತ್ಯಜಿಸಿ ವಿಶ್ವಾಸವನ್ನು ಪ್ರಕಟಿಸುತ್ತಾರೆ; ಮೂರು ಸಲ ನೀರೆರೆದ ಬಳಿಕ ಪವಿತ್ರ ತೈಲವನ್ನು ಹಚ್ಚಿ, ಬಿಳಿಯ ವಸ್ತ್ರವನ್ನು ತೊಡಿಸಿ, ಈಸ್ಟರ್ ಮೇಣದಬತ್ತಿಯಿಂದ ಹೊತ್ತಿಸಿದ ದೀಪವನ್ನು ಮನೆಯವರ ಕೈಗೆ ಕೊಡುತ್ತಾರೆ. ಬಲಿಪೂಜೆಯೂ (ಮಾಸ್) ಜೊತೆಗಿದ್ದರೆ, ಪ್ರಭುಭೋಜನದ ರೊಟ್ಟಿಯಾದ ಪರಮಪ್ರಸಾದ ಹಂಚುವಾಗ ನೀವು ಕುಳಿತಲ್ಲೇ ಇರಬಹುದು; ಅದು ದೀಕ್ಷಾಸ್ನಾನ ಪಡೆದವರಿಗಾಗಿ ಇರುವುದರಿಂದ ಯಾರೂ ತಪ್ಪು ತಿಳಿಯುವುದಿಲ್ಲ. ಉಳಿದಂತೆ ಎಲ್ಲರೂ ಎದ್ದಾಗ ಏಳುವುದು, ಕುಳಿತಾಗ ಕೂರುವುದು ಸಾಕು.