ದುಡ್ಡಿನ ಕ್ಯೂಬ್ ಚಿತ್ರ ಬಿಡಿಸುವವರಿಗೆ ಒಂದು ಮಾತು

ಬಿಲಿಯನ್, ಟ್ರಿಲಿಯನ್ ಎಷ್ಟು ದೊಡ್ಡದು ಅಂತ ತೋರಿಸಲು ನೀವು ಹಾಕಿರುವ ಚಿತ್ರ ನೋಡಿದೆ. ಬಿಲಿಯನ್ ಡಾಲರ್‌ಗೆ ನೋಟು ಜೋಡಿಸಿದ ಒಂದು ಕ್ಯೂಬ್, ಟ್ರಿಲಿಯನ್‌ಗೆ ಒಂದು ಕ್ಯೂಬ್, ಪಕ್ಕದಲ್ಲಿ ಒಬ್ಬ ಮನುಷ್ಯ. ಚಿತ್ರ ಚೆನ್ನಾಗಿದೆ, ಅಳತೆಯೂ ಸರಿ ಇದೆ. ಆದರೂ ನೋಡಿದವರಿಗೆ ತಪ್ಪು ಅಂದಾಜೇ ಸಿಗುತ್ತದೆ. ನಾನೂ ಮೊದಲು ಹೀಗೇ ಬಿಡಿಸುತ್ತಿದ್ದೆ. 100 ಡಾಲರ್ ನೋಟುಗಳಲ್ಲಿ ಬಿಲಿಯನ್ ಕ್ಯೂಬಿನ ಒಂದು ಬದಿ ಸುಮಾರು 2.25 ಮೀಟರ್, ಟ್ರಿಲಿಯನ್‌ದು 22.5 ಮೀಟರ್. ದುಡ್ಡು ಸಾವಿರ ಪಟ್ಟು ಬೆಳೆದಿದೆ, ಕಣ್ಣು ನೋಡುವುದು ಹತ್ತೇ ಪಟ್ಟು. ಉಳಿದದ್ದೆಲ್ಲ ಅಗಲದಲ್ಲಿ, ಆಳದಲ್ಲಿ ಅಡಗಿಕೊಂಡಿರುತ್ತದೆ.

ಹಾಗಂತ ಒಂದೇ ಕಂತೆ ಮಾಡಿ ಆಕಾಶಕ್ಕೆ ಏರಿಸಲೂ ಬೇಡಿ. ಟ್ರಿಲಿಯನ್ ಆದರೆ 1,100 ಕಿಲೋಮೀಟರ್ ಎತ್ತರ ಬರುತ್ತದೆ, ನಿಜ. ಅಷ್ಟು ಎತ್ತರ ಯಾರಿಗೆ ಅಂದಾಜಿದೆ ಹೇಳಿ?

ನೆಲವನ್ನು ಬದಲಿಸಬೇಡಿ, ಎತ್ತರ ಮಾತ್ರ ಬೆಳೆಯಲಿ. ನಾನು 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಮೈದಾನ ಇಟ್ಟುಕೊಳ್ಳುತ್ತೇನೆ. ಒಂದು ಮಿಲಿಯನ್ ಅಂದರೆ ಹತ್ತು ಸಾವಿರ ನೋಟು. ಒತ್ತೊತ್ತಾಗಿ ಹಾಸಿದರೆ ಉದ್ದಗಲ ಹತ್ತು ಹತ್ತು ಮೀಟರ್ ಜಾಗ, ಮೈದಾನದ ಒಂದು ಮೂಲೆ ಅಷ್ಟೆ. ಬಿಲಿಯನ್ ಆದರೆ ಮೈದಾನ ಪೂರ್ತಿ ಹದಿನಾಲ್ಕು ಪದರ ಮುಚ್ಚಿ ಸ್ವಲ್ಪ ಮಿಗುತ್ತದೆ. ದಪ್ಪ 1.6 ಮಿಲಿಮೀಟರ್, ಓಡಾಡಿದರೆ ಗೊತ್ತೂ ಆಗುವುದಿಲ್ಲ. ಟ್ರಿಲಿಯನ್ ಆದರೆ ಅದೇ ಮೈದಾನದಲ್ಲಿ 1.6 ಮೀಟರ್, ತುಂಬ ಜನರಿಗೆ ಮೂಗಿನವರೆಗೆ ಬರುತ್ತದೆ. ನಡುವಿನ ಸಾವಿರ ಪಟ್ಟು ಈಗ ಎಲ್ಲೂ ಅಡಗುವುದಿಲ್ಲ.

ಇದು ಹೊಸ, ಚಪ್ಪಟೆ ನೋಟಿನ ಲೆಕ್ಕ, ಒಂದರ ದಪ್ಪ 0.11 ಮಿಲಿಮೀಟರ್. ಬಳಸಿದ ನೋಟು ಉಬ್ಬಿರುತ್ತದೆ, ಎತ್ತರ ಜಾಸ್ತಿಯಾಗುತ್ತದೆ. ಯಾವ ನೋಟು ಅಂತ ದಯವಿಟ್ಟು ಬರೆಯಿರಿ. ಅಮೆರಿಕದ ನೋಟು ಎಷ್ಟರದ್ದೇ ಆಗಲಿ, ತೂಕ ಸುಮಾರು ಒಂದು ಗ್ರಾಂ. ಮಿಲಿಯನ್ ಡಾಲರ್ 100ರ ನೋಟಿನಲ್ಲಿ 10 ಕೆಜಿ, 1ರ ನೋಟಿನಲ್ಲಿ ಒಂದು ಟನ್! ಇದನ್ನು ಹೇಳದೆ ಸುಮ್ನೆ ಸೂಟ್‌ಕೇಸ್ ಬಿಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮೈದಾನ ಬಿಡಿಸುವುದು ಕಷ್ಟ ಅನ್ನುವವರಿಗೆ ಗ್ರಾಫ್ ಹಾಳೆ ಸಾಕು. ಒಂದು ಮಿಲಿಮೀಟರ್ ಚೌಕ ಒಂದು ಮಿಲಿಯನ್. 10 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲದ ಪಟ್ಟಿ ಒಂದು ಬಿಲಿಯನ್. ಟ್ರಿಲಿಯನ್‌ಗೆ ಒಂದು ಚದರ ಮೀಟರ್, ಅಂದರೆ ಹದಿನಾರು ಎ4 ಹಾಳೆ ಅಂಟಿಸಬೇಕು. ಪ್ರಿಂಟ್ ತೆಗೆಯುವಾಗ ಸ್ಕೇಲ್ 100 ಶೇಕಡಾ ಇರಲಿ. ಹಾಳೆಗೆ ಹೊಂದಿಸಲು ಬಿಟ್ಟರೆ ಚೌಕ ಕುಗ್ಗಿ ಹೋಗುತ್ತದೆ. ಅಂಚಿನ ಬಿಳಿ ಜಾಗ ಕತ್ತರಿಸಿದರೆ ಹಾಳೆ ಹದಿನಾರಕ್ಕಿಂತ ಜಾಸ್ತಿ ಬೇಕು, ಅದೂ ನೆನಪಿರಲಿ. ಗೆರೆ ಎಳೆಯಲು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಒಳ್ಳೆಯದು, ಪುಕ್ಕಟೆ, ಮಿಲಿಮೀಟರ್‌ನಲ್ಲೇ ಅಳತೆ ಕೊಡಬಹುದು. ಎಕ್ಸೆಲ್‌ನ ತ್ರೀಡಿ ಚಾರ್ಟ್ ಮಾತ್ರ ಮುಟ್ಟಬೇಡಿ. ಓರೆಯಾಗಿ ತೋರಿಸಿ ಮುಂದಿನ ಕಂಬವನ್ನೇ ದೊಡ್ಡದು ಮಾಡುತ್ತದೆ.

ಇನ್ನೊಂದು. ಬಿಲಿಯನ್ ಅಂದರೆ ನೂರು ಕೋಟಿ, ಟ್ರಿಲಿಯನ್ ಅಂದರೆ ಲಕ್ಷ ಕೋಟಿ. ನಿಮ್ಮ ದೊಡ್ಡ ಕ್ಯೂಬಿನ ಕೆಳಗೆ ಹತ್ತು ಸಾವಿರ ಕೋಟಿ ಅಂತ ಇದೆ. ಅದನ್ನು ಮೊದಲು ತಿದ್ದಿ.